ಕೂಲರ್ ಬಿಚ್ಚಿದರೆ ಶಹಾಬಾದ್ ಕಲ್ಲು

ಶಿವರಾತ್ರಿ ಮುಗಿದ ವಾರ ನಮ್ಮ ಸೇಡಂನ ಓಣಿಗಳಲ್ಲಿ ತಗಡಿನ ಸದ್ದು ಶುರುವಾಗುತ್ತದೆ. ಎಂಟು ತಿಂಗಳು ಮಾಳಿಗೆಯ ಮೂಲೆಯಲ್ಲಿ, ಜೋಳದ ಚೀಲಗಳ ಹಿಂದೆ ಹಳೆ ಸೀರೆ ಹೊದ್ದು ಮಲಗಿದ್ದ ಕೂಲರ್‌ಗಳು ಅಂಗಳಕ್ಕೆ ಇಳಿಯುತ್ತವೆ. ಒಬ್ಬರು ಪೈಪಿನಿಂದ ನೀರು ಹೊಡೆಯುತ್ತಾರೆ, ಇನ್ನೊಬ್ಬರು ಹೋದ ವರ್ಷದ ಹುಲ್ಲು ಕಿತ್ತು ಬಿಸಾಡುತ್ತಾರೆ. ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ಸೀಮೆ ಇದು. ಸೇಡಂ ಇರಲಿ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಇರಲಿ, ಮೇ ತಿಂಗಳ ಮಧ್ಯಾಹ್ನ ಕೂಲರ್ ಇಲ್ಲದ ಮನೆಯವರು ಕೂಲರ್ ಇರುವ ಮನೆಗೆ ಏನಾದರೊಂದು ನೆಪ ತೆಗೆದು ಬಂದು ಕೂಡುತ್ತಾರೆ.

ಈ ಸಲ ನಾನು ನಮ್ಮ ಕೂಲರನ್ನು ಬರೀ ತೊಳೆಯಲಿಲ್ಲ. ಒಂದೊಂದು ಸ್ಕ್ರೂ ತೆಗೆದು ಪೂರ್ತಿ ಬಿಚ್ಚಿದೆ. ಪಕ್ಕದ ಮನೆಯ ಹುಡುಗ, ಒಂಬತ್ತನೇ ತರಗತಿಯವನು, ಕಂಪೌಂಡ್ ಗೋಡೆಯ ಮೇಲಿಂದ ಇಣುಕಿದ.

“ಕಾಕಾ, ಕೂಲರ್ ಕೆಟ್ಟದ ಏನ್ರಿ?”

“ಇಲ್ಲಪಾ, ಛಲೋ ಅದ.”

“ಮತ್ತ ಯಾಕ ಬಿಚ್ಲಾಕತ್ತೀರಿ?”

ಛಲೋ ಇದೆ, ಅದಕ್ಕೇ ಬಿಚ್ಚುತ್ತಿದ್ದೇನೆ ಎಂದರೆ ಅವನಿಗೆ ನಗು. ಆದರೆ ಮಾತು ನಿಜ. ಕೆಟ್ಟ ಮೇಲೆ ಬಿಚ್ಚುವವನಿಗೆ ಕಲಿಯುವ ವ್ಯವಧಾನ ಎಲ್ಲಿರುತ್ತದೆ? ಮೇ ತಿಂಗಳ ರಾತ್ರಿ, ಒಳಗೆ ಕೂಸು ಅಳುತ್ತಿದೆ, ಮೈ ಬೆವರಿನಲ್ಲಿ ತೊಯ್ದಿದೆ. ಹೇಗಾದರೂ ಗಾಳಿ ಬಂದರೆ ಸಾಕು ಎನ್ನುವಷ್ಟಕ್ಕೇ ಬುದ್ಧಿ ನಿಲ್ಲುತ್ತದೆ. ಬಿಸಿಲು ಏರುವ ಮೊದಲಿನ ತಂಪು ಬೆಳಿಗ್ಗೆ, ಸರಿಯಾಗಿ ಓಡುವ ಯಂತ್ರವನ್ನು ಹರವಿಕೊಂಡು ಕೂತರೆ ಯಾವ ಭಾಗ ಏನು ಕೆಲಸ ಮಾಡುತ್ತದೆ ಎಂದು ನಿಧಾನಕ್ಕೆ ನೋಡಬಹುದು. ತಿರುಗಿ ಜೋಡಿಸಿದಾಗ ಮೊದಲಿನಂತೆ ಓಡಿತೋ, ನಮಗೆ ತಿಳಿದದ್ದು ಸರಿ. ಮೊದಲೇ ಕೆಟ್ಟ ಯಂತ್ರದಲ್ಲಿ ಈ ಪರೀಕ್ಷೆಗೆ ಅವಕಾಶವೇ ಇಲ್ಲ.

ಯಂತ್ರ ಬಿಚ್ಚಿ ಕಲಿಯುವ ಆಸೆ ಇರುವವರಿಗೆ, ಅದರಲ್ಲೂ ಮಕ್ಕಳಿಗೆ, ಕೂಲರಿನಷ್ಟು ಒಳ್ಳೆಯ ಪಾಠ ಮನೆಯಲ್ಲಿ ಇನ್ನೊಂದಿಲ್ಲ. ಮಿಕ್ಸರ್ ಚಿಕ್ಕದು, ಇಕ್ಕಟ್ಟು. ಕೂಲರ್ ಆಳೆತ್ತರದ ಪೆಟ್ಟಿಗೆ, ಒಳಗೆ ಇರುವುದು ನಾಲ್ಕೇ ಸಾಮಾನು: ಮೋಟರ್, ರೆಕ್ಕೆ, ಪಂಪ್, ಹುಲ್ಲು. ಸ್ಕ್ರೂ ದೊಡ್ಡವು, ಕೈಯಾಡಿಸಲು ಜಾಗ ಇದೆ, ಬಿಡಿಭಾಗ ಊರಲ್ಲೇ ಸಿಗುತ್ತದೆ. ಇದೇ ಹುಮ್ಮಸ್ಸಿನಲ್ಲಿ ಮೈಕ್ರೋವೇವ್ ಒಲೆ, ಹಳೆಯ ಡಬ್ಬಿ ಟಿವಿ, ಇನ್ವರ್ಟರ್, ಮೊಬೈಲ್ ಬ್ಯಾಟರಿ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಕೊಲ್ಲುವಷ್ಟು ಕರೆಂಟ್ ಹಿಡಿದಿಟ್ಟುಕೊಳ್ಳುವ ಭಾಗ ಮೈಕ್ರೋವೇವಿನಲ್ಲಿದೆ. ಫ್ರಿಜ್ಜಿನ ಗ್ಯಾಸ್ ಕೊಳವೆಗೂ ಕೈ ಹಚ್ಚಬಾರದು.

ಪ್ಲಗ್ ಕಿತ್ತು ಕೈಯಲ್ಲಿ ಹಿಡಿಯಿರಿ

ಕೂಲರ್ ಒಳ್ಳೆಯ ಪಾಠ ಎಂದೆ. ಮೈಮರೆತರೆ ಜೀವ ತೆಗೆಯುವ ಯಂತ್ರವೂ ಅದೇ. ತಗಡಿನ ಮೈ, ಒಳಗೆ ನೀರು, ಕೆಳಗೆ ಒದ್ದೆ ಫರ್ಸಿ, ಅದರ ಮೇಲೆ ನಮ್ಮ ಬರಿಗಾಲು. ಕರೆಂಟು ಮನುಷ್ಯನ ಮೂಲಕ ಭೂಮಿಗೆ ಇಳಿಯಲು ಇದಕ್ಕಿಂತ ಸಲೀಸಾದ ದಾರಿ ಬೇಕೆ? ಸ್ವಿಚ್ ಆಫ್ ಮಾಡಿದರೆ ಸಾಲದು. ನಮ್ಮ ಕಡೆ ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಹಾಕಿರುವುದು ಬೇಕಾದಷ್ಟಿದೆ. ಅಂಥಲ್ಲಿ ಆಫ್ ಮಾಡಿದ ಮೇಲೂ ಯಂತ್ರದೊಳಗೆ ಕರೆಂಟ್ ಕಾದು ಕೂತಿರುತ್ತದೆ. ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿಟ್ಟುಕೊಂಡು ಕೆಲಸ ಶುರು ಮಾಡಿ. ಹುಡುಗರು ಬಿಚ್ಚುವುದಾದರೆ ದೊಡ್ಡವರೊಬ್ಬರು ಜೊತೆಗೆ ಕೂತಿರಲಿ.

ಮೋಟರಿನ ಪಕ್ಕ ಒಂದು ಸಣ್ಣ ಡಬ್ಬಿ ಇರುತ್ತದೆ. ಪುಸ್ತಕದಲ್ಲಿ ಕೆಪಾಸಿಟರ್, ಅಂಗಡಿಯಲ್ಲಿ ಕಂಡೆನ್ಸರ್. ಅದರಲ್ಲಿ ಉಳಿದ ಚಾರ್ಜ್ ಸಾಮಾನ್ಯವಾಗಿ ಮೋಟರಿನ ಸುರುಳಿಗಳ ಮೂಲಕ ಇಳಿದುಹೋಗುತ್ತದೆ. ಸುರುಳಿಯೇ ಹರಿದಿದ್ದರೆ ಅಲ್ಲೇ ಉಳಿದಿರುತ್ತದೆ. ಆದ್ದರಿಂದ ಹೋಲ್ಡರಿನಲ್ಲಿ ಹಳೆಯ ಗಾಜಿನ ಬಲ್ಬ್ ಹಾಕಿ, ಅದರ ಎರಡು ವೈರುಗಳನ್ನು ಕಂಡೆನ್ಸರಿನ ಎರಡು ತುದಿಗೆ ಮುಟ್ಟಿಸಿ, ಆಮೇಲೆ ಕೈ ಇಡಿ.

ಇನ್ನು ಪ್ಲಗ್ ಎಷ್ಟು ಪಿನ್ನಿನದು ನೋಡಿ. ತಗಡಿನ ಕೂಲರಿಗೆ ಎರಡು ಪಿನ್ನಿನ ಪ್ಲಗ್ ಇದ್ದರೆ ಇವತ್ತೇ ಬದಲಿಸಿ. ಮೂರನೆಯ ದಪ್ಪ ಪಿನ್ನಿನಿಂದ ಹೊರಟ ಹಸಿರು ವೈರು ಕೂಲರಿನ ತಗಡಿಗೆ, ಬಣ್ಣ ಕೆರೆದ ಜಾಗದಲ್ಲಿ, ಸ್ಕ್ರೂ ಹಾಕಿ ಬಿಗಿದಿರಬೇಕು. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆದು ನೋಡಿಸಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಇನ್ನೂ ಒಳ್ಳೆಯದು. ಹೋದ ಕರೆಂಟಿಗೂ ಬಂದ ಕರೆಂಟಿಗೂ ಅಷ್ಟು ವ್ಯತ್ಯಾಸ ಕಂಡ ಕೂಡಲೇ, ಕಣ್ಣು ರೆಪ್ಪೆ ಬಡಿಯುವುದರೊಳಗೆ, ಅದು ಲೈನ್ ಕಡಿಯುತ್ತದೆ. ಓಡುತ್ತಿರುವ ಕೂಲರಿಗೆ ಕೊಡದಿಂದ ನೀರು ಸುರಿಯುವ ರೂಢಿ ಬಿಡಿ. ಪ್ಲಗ್ ಕಿತ್ತು, ನೀರು ತುಂಬಿ, ಕೈ ಒರೆಸಿಕೊಂಡು ಮತ್ತೆ ಹಾಕಿ.

ಸಾಮಾನು ಹೆಚ್ಚೇನೂ ಬೇಡ. ಒಂದು ಸ್ಕ್ರೂಡ್ರೈವರ್, 10ರ ಮತ್ತು 12ರ ಪಾನಾ, ಇಕ್ಕಳ, ತಂತಿ ಬ್ರಷ್, ಬಿಚ್ಚಿದ ನಟ್ಟು ಬೋಲ್ಟು ಹಾಕಲು ಒಂದು ಪರಾತ. ಎಲ್ಲಕ್ಕಿಂತ ಮುಖ್ಯವಾದದ್ದು ಮೊಬೈಲ್ ಕ್ಯಾಮೆರಾ. ಪ್ರತಿಯೊಂದು ವೈರು ತೆಗೆಯುವ ಮೊದಲು ಒಂದು ಫೋಟೋ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಮೊದಲ ಸಲ ಬಿಚ್ಚಿದಾಗ ಎಲ್ಲಾ ನೆನಪಿರುತ್ತದೆ ಎಂಬ ಜಂಬದಲ್ಲಿ ಫೋಟೋ ತೆಗೆದಿರಲಿಲ್ಲ. ಕಂಡೆನ್ಸರಿನ ಒಂದು ತುದಿಗೆ ಹೋಗಬೇಕಾದ ವೈರನ್ನು ಇನ್ನೊಂದು ತುದಿಗೆ ಕೊಟ್ಟೆ. ಫ್ಯಾನ್ ಚೆನ್ನಾಗಿಯೇ ತಿರುಗಿತು, ಆದರೆ ತಿರುವು ಮುರುವಾಗಿ. ಮನೆಯೊಳಗಿನ ಗಾಳಿಯನ್ನು ಎಳೆದು ಹುಲ್ಲಿನ ಮೂಲಕ ಓಣಿಗೆ ಊದುತ್ತಿತ್ತು. ಅರ್ಧ ತಾಸು ನಾವು ಒಳಗೆ ಬೆಂದೆವು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಮಾತ್ರ “ಇವತ್ತ ಗಾಳಿ ಛಲೋ ಬಿಟ್ಟದ” ಎಂದು ಸುಖಪಟ್ಟರು.

ಹುಲ್ಲು: ತಂಪು ಹುಟ್ಟುವ ಜಾಗ

ಮೂರೂ ಬದಿಯ ಜಾಲಿ ಬಾಗಿಲುಗಳನ್ನು ಮೇಲಕ್ಕೆತ್ತಿ ಎಳೆದರೆ ಬರುತ್ತವೆ. ಹುಲ್ಲು ಎಂದು ನಾವು ಕರೆಯುವುದು ನಿಜವಾಗಿ ಹುಲ್ಲಲ್ಲ. ಮರವನ್ನು ನೂಲಿನಂತೆ ಹೆರೆದ ಎಳೆ. ಹೊಸ ಕೂಲರ್‌ಗಳಲ್ಲಿ ಅದರ ಬದಲು ಜೇನುಹುಟ್ಟಿನಂಥ ಕಾಗದದ ಪ್ಯಾಡ್ ಇರುತ್ತದೆ. ಹಿಂದೆ ಸಿರಿವಂತರ ಮನೆಗಳಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಎಲ್ಲದರ ಕೆಲಸ ಒಂದೇ: ನೀರನ್ನು ತೆಳ್ಳಗೆ ಹರಡಿ, ಬಿಸಿಗಾಳಿಗೆ ಆದಷ್ಟು ಹೆಚ್ಚು ಮೈ ಒಡ್ಡುವುದು.

ನೀರು ಆವಿಯಾಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅದು ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಅಡುಗೆಮನೆಯ ರಂಜಣಗಿಯ ನೀರು ತಂಪಾಗುವುದೂ ಹೀಗೇ. ಲೆಕ್ಕ ನೋಡಿ: ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು, ಅಂದರೆ ಒಂದು ಯೂನಿಟ್ ಕರೆಂಟಿನ ಮೂರರಲ್ಲಿ ಎರಡು ಪಾಲು. ತಾಸಿಗೆ 5 ಲೀಟರ್ ಕುಡಿಯುವ ಕೂಲರ್ ತಾಸಿಗೆ ಮೂರು ಯೂನಿಟ್ಟಿಗೂ ಹೆಚ್ಚು ಶಾಖವನ್ನು ಗಾಳಿಯಿಂದ ತೆಗೆಯುತ್ತದೆ. ಅದು ಉಣ್ಣುವ ಕರೆಂಟ್ ಮಾತ್ರ ಒಂದು ಯೂನಿಟ್ಟಿನ ಐದನೇ ಒಂದು ಪಾಲಿನ ಆಸುಪಾಸು. ಉಳಿದ ದುಡಿಮೆಯೆಲ್ಲ ನೀರಿನದು, ನಮ್ಮ ಒಣ ಹವೆಯದು.

ಒಣ ಹವೆ ಎಂಬುದನ್ನು ಕಣ್ಣಾರೆ ಕಾಣಬಹುದು. ಎರಡು ಥರ್ಮಾಮೀಟರ್ ತನ್ನಿ. ಮೈಜ್ವರ ನೋಡುವುದಲ್ಲ, ಶಾಲೆಯ ಪ್ರಯೋಗಾಲಯದಲ್ಲಿ ಇರುವಂಥವು. ಒಂದರ ಬುಡಕ್ಕೆ ಒದ್ದೆ ಅರಿವೆ ಸುತ್ತಿ, ಎರಡನ್ನೂ ನೆರಳಿನಲ್ಲಿ ಫ್ಯಾನಿನ ಮುಂದೆ ಹಿಡಿಯಿರಿ. ಒಣ ಥರ್ಮಾಮೀಟರ್ 42 ಡಿಗ್ರಿ ತೋರಿಸುವಾಗ, ಗಾಳಿಯ ತೇವಾಂಶ ಶೇ 20 ಇದ್ದರೆ, ಒದ್ದೆಯದು 24ರ ಹತ್ತಿರಕ್ಕೆ ಇಳಿಯುತ್ತದೆ. ನಡುವಿನ 18 ಡಿಗ್ರಿಯೇ ಕೂಲರಿನ ಬಂಡವಾಳ. ಒಳ್ಳೆಯ ಹುಲ್ಲಿದ್ದರೆ ಅದರಲ್ಲಿ ಶೇ 80ರಷ್ಟನ್ನು ಅದು ಗಳಿಸುತ್ತದೆ. 28 ಡಿಗ್ರಿಯ ಗಾಳಿ ಮುಖಕ್ಕೆ ಬಡಿಯುತ್ತದೆ. ಆಗಸ್ಟಿನಲ್ಲಿ 30 ಡಿಗ್ರಿ, ಶೇ 80 ತೇವಾಂಶ ಇದ್ದಾಗ ಇದೇ ಪ್ರಯೋಗ ಮಾಡಿ. ಎರಡರ ನಡುವೆ ಮೂರು ಡಿಗ್ರಿಯೂ ಸಿಕ್ಕರೆ ಹೆಚ್ಚು. ಮಂಗಳೂರಿನವರು ಕೂಲರ್ ನೋಡಿ ಮೂಗು ಮುರಿಯುವುದಕ್ಕೂ, ನಮ್ಮಲ್ಲಿ ಅದು ದೇವರ ಕೋಣೆಯ ಪಕ್ಕದಲ್ಲೇ ಜಾಗ ಪಡೆಯುವುದಕ್ಕೂ ಕಾರಣ ಆ ಎರಡು ಥರ್ಮಾಮೀಟರುಗಳ ನಡುವೆ ಇದೆ.

ತಂಪು ಹೊರಗೆ ಹೋಗುತ್ತದೆ ಎಂದು ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಾಕುವವರು ಎಲ್ಲಾ ಊರಲ್ಲೂ ಇದ್ದಾರೆ. ಏಸಿಗೆ ಅದು ಸರಿ, ಕೂಲರಿಗೆ ತಪ್ಪು. ಕೂಲರ್ ಒಳಗೆ ತಳ್ಳುವ ಪ್ರತಿ ಉಸಿರಿನಲ್ಲೂ ತೇವ ಇರುತ್ತದೆ. ಅದು ಹೊರಗೆ ಹೋಗದಿದ್ದರೆ ಅರ್ಧ ತಾಸಿನಲ್ಲಿ ಕೋಣೆಗೇ ಶ್ರಾವಣ ಬಂದು ಮೈಯೆಲ್ಲ ಅಂಟಂಟು. ಕೂಲರ್ ಹೊರಗಿನ ಒಣ ಗಾಳಿ ಎಳೆಯುವಂತೆ ಕಿಟಕಿಯ ಆಚೆ ಇರಲಿ, ಎದುರು ಬದಿಯ ಕಿಟಕಿಯೋ ಬಾಗಿಲೋ ಅರ್ಧ ತೆರೆದಿರಲಿ.

ಬಿಳಿ ಹೆಪ್ಪು

ನಮ್ಮ ಕೂಲರಿನ ಹಳೆಯ ಹುಲ್ಲನ್ನು ಎತ್ತಿದಾಗ ಹುಡುಗ ಕೇಳಿದ್ದು ಇದನ್ನೇ: “ಇದು ಇಷ್ಟ್ಯಾಕ ವಜ್ಜ ಅದ ಕಾಕಾ?” ತಂದಾಗ ಗುಬ್ಬಿಗೂಡಿನಂತೆ ಹಗುರಾಗಿದ್ದ ಹುಲ್ಲು ಈಗ ರೊಟ್ಟಿಯಂತೆ ಗಟ್ಟಿಯಾಗಿ, ಮುರಿದರೆ ಚಟ್ ಎನ್ನುತ್ತಿತ್ತು. ಎಳೆ ಎಳೆಗೂ ಬಿಳಿ ಹೆಪ್ಪು. ತೊಟ್ಟಿಯ ಅಂಚಿನಲ್ಲಿ, ನೀರು ಇಳಿಯುವ ತೂತುಗಳ ಬಾಯಲ್ಲಿ ಅದೇ ಬಿಳುಪು. ಎಲ್ಲರೂ ಅದನ್ನು ಉಪ್ಪು ಎನ್ನುತ್ತಾರೆ. ನಾಲಿಗೆಗೆ ಇಟ್ಟರೆ ಉಪ್ಪಿನ ರುಚಿ ಹೆಚ್ಚೇನೂ ಇಲ್ಲ.

ಒಂದು ಚೂರನ್ನು ಒಡೆದು ಪುಡಿ ಮಾಡಿ, ಅರ್ಧ ನಿಂಬೆಹಣ್ಣು ಹಿಂಡಿದೆ. ಬುಸು ಬುಸು ನೊರೆ ಬಂತು. ಆಮೇಲೆ ಹುಡುಗನಿಗೆ ಹಿತ್ತಲಲ್ಲಿ ಬಿದ್ದಿದ್ದ ಶಹಾಬಾದ್ ಫರ್ಸಿಯ ತುಂಡು ತರಲು ಹೇಳಿದೆ. ಮೊಳೆಯಿಂದ ಕೆರೆದು ಆ ಪುಡಿಯ ಮೇಲೂ ನಿಂಬೆ ಹಿಂಡಿದೆವು. ಅದೇ ನೊರೆ. ಹುಡುಗ ಒಮ್ಮೆ ಕಲ್ಲು ನೋಡಿದ, ಒಮ್ಮೆ ಹುಲ್ಲು ನೋಡಿದ.

ಎರಡೂ ಒಂದೇ ವಸ್ತು: ಕ್ಯಾಲ್ಸಿಯಂ ಕಾರ್ಬೊನೇಟ್. ಕಲ್ಲಿನಲ್ಲಿ ಮಣ್ಣು, ಮರಳಿನ ಬೆರಕೆ ಇರುವುದರಿಂದ ಅದು ಬೂದು. ಹುಲ್ಲಿನ ಮೇಲಿನದು ಸೋಸಿ ಬಂದದ್ದು, ಬೆಳ್ಳಗಿದೆ. ನಮ್ಮ ಕಾಲಡಿಯ ಈ ಸುಣ್ಣದ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ, ಚಿಪ್ಪಿನ ಪ್ರಾಣಿಗಳೇ ಇನ್ನೂ ಹುಟ್ಟದ ಕಾಲದಲ್ಲಿ, ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಭೂವಿಜ್ಞಾನಿಗಳು ಇದನ್ನು ಭೀಮಾ ನದಿಯ ಹೆಸರಿನಿಂದಲೇ ಗುರುತಿಸುತ್ತಾರೆ. ಪದರವಾಗಿ ಕೂತದ್ದರಿಂದಲೇ ಖಣಿಯಲ್ಲಿ ಸಲಾಕಿ ಹಾಕಿ ಮೀಟಿದರೆ ಹಲಗೆಯಂತೆ ಏಳುತ್ತದೆ. ನೆಲಕ್ಕೆ ಫರ್ಸಿ, ಮಾಳಿಗೆಗೆ ಹಾಸುಗಲ್ಲು. ಇದೇ ಕಲ್ಲಿಗಾಗಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ, ಆಮೇಲೆ ಸೇಡಂ, ಮಳಖೇಡ, ಚಿಂಚೋಳಿಯ ಕಡೆಯವು.

ಕಲ್ಲು ಕೂಲರಿನೊಳಗೆ ನಡೆದು ಬಂದದ್ದು ಹೇಗೆ? ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಸೋಡಾ ನೀರಿನ ಬಡ ತಮ್ಮ ಎನ್ನಿ. ಆ ಹುಳಿ ನೀರು ಬಂಡೆಯ ಬಿರುಕಿನಲ್ಲಿ ಇಳಿಯುತ್ತಾ ಸುಣ್ಣದ ಕಲ್ಲನ್ನು ಕರಗಿಸಿಕೊಳ್ಳುತ್ತದೆ. ಬೋರ್‌ವೆಲ್ ಅದನ್ನು ಮೇಲೆತ್ತುತ್ತದೆ. ಕೂಲರಿನ ಹುಲ್ಲಿನ ಮೇಲೆ ನೀರು ಆವಿಯಾಗಿ, ಆ ಡೈಆಕ್ಸೈಡ್ ಹಾರಿಹೋದಾಗ ಕಲ್ಲು ತಿರುಗಿ ಕಲ್ಲಾಗುತ್ತದೆ. ವಾಡಿಯ ಕುಲುಮೆಯಲ್ಲಿ 900 ಡಿಗ್ರಿ ದಾಟಿಸಿ ಇದೇ ಕಲ್ಲಿನಿಂದ ಡೈಆಕ್ಸೈಡ್ ಓಡಿಸುತ್ತಾರೆ, 1,450ರವರೆಗೂ ಕಾಯಿಸಿ ಕ್ಲಿಂಕರ್ ಮಾಡುತ್ತಾರೆ. ಅಲ್ಲಿ ಕಲ್ಲು ಒಡೆಯುವ ಕೆಲಸ, ಇಲ್ಲಿ ಕಲ್ಲು ಕಟ್ಟುವ ಕೆಲಸ, ಅದೂ ಬೆಂಕಿಯಿಲ್ಲದೆ, ನಮ್ಮ ಕಿಟಕಿಯಲ್ಲಿ.

ಎಷ್ಟು ಕಲ್ಲು? ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ. 600ರ ನೀರನ್ನು ದಿನಕ್ಕೆ 40 ಲೀಟರ್ ಆವಿ ಮಾಡಿದರೆ ದಿನಕ್ಕೆ 24 ಗ್ರಾಂ. ಮೂರು ತಿಂಗಳ ಬೇಸಿಗೆಗೆ ಎರಡು ಕಿಲೋಗೂ ಮಿಕ್ಕಿ. ಹುಡುಗ ಕೇಳಿದ ವಜ್ಜದ ಲೆಕ್ಕ ಅಲ್ಲಿಗೆ ಸರಿಹೋಯಿತು.

ಇದಕ್ಕೆ ಮದ್ದು ಸುಲಭ, ಆದರೆ ಯಾರೂ ಮಾಡುವುದಿಲ್ಲ. ತೊಟ್ಟಿಯಲ್ಲಿ ಉಳಿದ ನೀರಿನ ಮೇಲೆ ದಿನಾ ಹೊಸ ನೀರು ಸುರಿಯುತ್ತಾ ಹೋದರೆ ಉಳಿದ ನೀರು ದಿನೇ ದಿನೇ ಮಂದವಾಗುತ್ತದೆ. ವಾರಕ್ಕೊಮ್ಮೆ ಕೆಳಗಿನ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡಿ. ಖಾಲಿ ಮಾಡಿದಾಗ ತೊಟ್ಟಿಯ ಗೋಡೆಯನ್ನು ಬ್ರಷ್ಷಿನಿಂದ ತಿಕ್ಕಿ ಒಣಗಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನಂಚಿನ ಗೋಡೆಗೇ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು, ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲವು. ಬರೀ ನೀರು ಚೆಲ್ಲಿದರೆ ಅವು ಹೋಗುವುದಿಲ್ಲ, ತಿಕ್ಕಲೇಬೇಕು. ಹೆಪ್ಪು ಬಿಡಿಸಲು ವಿನೆಗರ್ ಅಥವಾ ನಿಂಬೆಹುಳಿ ಪುಡಿ ಕದಡಿದ ನೀರಲ್ಲಿ ರಾತ್ರಿಯಿಡೀ ನೆನೆಸಿ. ಪಾಯಿಖಾನೆ ತೊಳೆಯುವ ಆ್ಯಸಿಡ್ ಬೇಡ, ತಗಡಿನ ಮೇಲಿನ ಸತುವಿನ ಲೇಪವನ್ನೇ ತಿಂದು ಮುಂದಿನ ವರ್ಷಕ್ಕೆ ತುಕ್ಕು ಕರೆಯುತ್ತದೆ. ನಿಂಬೆ ಪ್ರಯೋಗವನ್ನೂ ಪಡಸಾಲೆಯ ಪಾಲಿಶ್ ಫರ್ಸಿಯ ಮೇಲೆ ಮಾಡಬೇಡಿ, ಕಲೆ ಹೋಗುವುದಿಲ್ಲ. ಮನೆಯವರ ಬೈಗುಳಕ್ಕೆ ನಾನು ಹೊಣೆಯಲ್ಲ.

ಶಾಲೆಯ ಮಾಸ್ತರರಿಗೆ ಒಂದು ಮಾತು. ಮಕ್ಕಳಿಂದ ಬೇರೆ ಬೇರೆ ಊರಿನ ಒಂದೊಂದು ಲೀಟರ್ ನೀರು ತರಿಸಿ: ಶಹಾಬಾದಿನ ಬೋರ್‌ವೆಲ್ಲು, ಚಿತ್ತಾಪುರದ ಬಾವಿ, ಮಳಖೇಡದ ಕಾಗಿಣಾ ನದಿ, ಚಿಂಚೋಳಿ ಕಾಡಂಚಿನ ಕೆಂಪು ಮಣ್ಣಿನ ಬಾವಿ, ಜೊತೆಗೆ ಹಿಡಿದಿಟ್ಟ ಮಳೆನೀರು. ಒಂದೇ ಅಳತೆಯ ಸ್ಟೀಲ್ ಪಾತ್ರೆಗಳಲ್ಲಿ ಪೂರ್ತಿ ಬತ್ತಿಸಿ, ತಳದಲ್ಲಿ ಉಳಿದದ್ದನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಭೂಗೋಳ, ರಸಾಯನಶಾಸ್ತ್ರ ಎರಡೂ ಪಾಠ ಒಂದೇ ದಿನ ಮುಗಿಯುತ್ತದೆ.

ಪಂಪು, ಮೋಟರ್, ಹೊಲಿಗೆ ಯಂತ್ರ

ತೊಟ್ಟಿಯ ತಳದಲ್ಲಿ ಕೂತ ಪಂಪ್ ಅಂಗೈಯಗಲದ್ದು, 18 ವ್ಯಾಟ್ ಆಸುಪಾಸು. ಮುಂದಿನ ಮುಚ್ಚಳ ಉಗುರಿನಿಂದ ಮೀಟಿದರೂ ಬರುತ್ತದೆ. ಒಳಗಿನ ಪುಟ್ಟ ಚಕ್ರವನ್ನು ಹಿಡಿದೆಳೆದರೆ ಒಂದು ಕರಿಯ ಕಡ್ಡಿಯೂ ಜೊತೆಗೆ ಬರುತ್ತದೆ. ಬರುವಾಗ ಏನೋ ಒಳಗಿನಿಂದ ಹಿಡಿದೆಳೆದಂತೆ ಅನಿಸುತ್ತದೆ. ಅದು ಅಯಸ್ಕಾಂತ, ಪಾನಾಕ್ಕೆ ತಗುಲಿಸಿ ನೋಡಿ, ಅಂಟಿಕೊಳ್ಳುತ್ತದೆ. ಕರೆಂಟಿನ ಸುರುಳಿಗಳನ್ನು ಅಂಟಿನಲ್ಲಿ ಪೂರ್ತಿ ಮುಳುಗಿಸಿ ಮುಚ್ಚಿರುತ್ತಾರೆ. ನೀರು ಮುಟ್ಟುವುದು ಅಯಸ್ಕಾಂತವನ್ನು ಮಾತ್ರ. ಆ ನೀರೇ ಅದಕ್ಕೆ ಎಣ್ಣೆ, ಅದೇ ಅದಕ್ಕೆ ತಂಪು. ನೀರಿಲ್ಲದೆ ಪಂಪ್ ಓಡಿಸಬಾರದು ಎನ್ನುವುದು ಇದಕ್ಕೇ.

ಚಕ್ರದ ಎಲೆಗಳು ಸೈಕಲ್ ಕಡ್ಡಿಯಂತೆ ನೆಟ್ಟಗಿವೆ, ಒಂದು ಕಡೆಗೂ ಬಾಗಿಲ್ಲ. ಯಾಕೆಂದರೆ ಈ ಪಂಪ್ ಯಾವ ಕಡೆಗೆ ತಿರುಗಬೇಕೆಂದು ಅದಕ್ಕೇ ಗೊತ್ತಿಲ್ಲ. ಕರೆಂಟ್ ಬಂದ ಕ್ಷಣ ಎಡಕ್ಕೆ ಎಳೆಯಿತೋ ಬಲಕ್ಕೋ, ಆ ಕಡೆ ಹೊರಡುತ್ತದೆ. ಎಲೆ ನೆಟ್ಟಗಿದ್ದರೆ ಯಾವ ಕಡೆ ತಿರುಗಿದರೂ ನೀರು ಮೇಲೇರುತ್ತದೆ. ಇಷ್ಟು ಅಗ್ಗದ ಸಾಮಾನಿನಲ್ಲಿ ಇಷ್ಟು ಜಾಣತನ! ಪಂಪ್ ಸತ್ತಿತೆಂದು ಎಸೆಯುವ ಮೊದಲು ಕಡ್ಡಿ ತೆಗೆದು ನೋಡಿ. ಹೆಚ್ಚಿನ ಸಲ ಅದೇ ಬಿಳಿ ಹೆಪ್ಪು ಕಡ್ಡಿಯನ್ನು ಕಚ್ಚಿ ಹಿಡಿದಿರುತ್ತದೆ. ವಿನೆಗರಿನಲ್ಲಿ ಒಂದು ತಾಸು ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಎದ್ದು ಕೂರುತ್ತದೆ.

ದೊಡ್ಡ ಮೋಟರಿಗೆ ಬನ್ನಿ. ಚೆನ್ನಾಗಿರುವ ಮೋಟರಿನ ಹೊಟ್ಟೆ ಸೀಳುವುದು ಬೇಡ; ಗುಜರಿಯಲ್ಲಿ ಸುಟ್ಟ ಮೋಟರ್ ತೂಕಕ್ಕೆ ಸಿಗುತ್ತದೆ, ಅದನ್ನು ತನ್ನಿ. ಉದ್ದ ಬೋಲ್ಟುಗಳನ್ನು ತೆಗೆದು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಎರಡೂ ಬದಿಯ ಮುಚ್ಚಳ ಬಿಡುತ್ತವೆ. ಹೊರಗೆ ಸುರುಳಿ ಸುತ್ತಿದ ಕಬ್ಬಿಣದ ಉಂಗುರ. ನಡುವೆ ತಿರುಗುವ ದಿಂಡು. ದಿಂಡನ್ನು ಕೈಯಲ್ಲಿ ಹಿಡಿದು ನೋಡಿ: ಅದಕ್ಕೆ ಒಂದು ವೈರೂ ಹೋಗಿಲ್ಲ, ಅದು ಅಯಸ್ಕಾಂತವೂ ಅಲ್ಲ. ಕಬ್ಬಿಣದ ಬಿಲ್ಲೆಗಳ ಅಡಕಿನೊಳಗೆ ಓರೆಯಾಗಿ ಹೊಯ್ದ ಅಲ್ಯೂಮಿನಿಯಂ ಕಂಬಿಗಳು, ಎರಡು ತುದಿಗೂ ಒಂದೊಂದು ಬಳೆ. ಮತ್ತೆ ತಿರುಗುವುದು ಹೇಗೆ?

ಹೊರಗಿನ ಸುರುಳಿಗಳ ಕಾಂತಶಕ್ತಿ ಸುತ್ತು ಹಾಕುತ್ತಿರುತ್ತದೆ. ಅದು ದಿಂಡಿನ ಕಂಬಿಗಳನ್ನು ದಾಟಿ ಓಡುವಾಗ ಅವುಗಳಲ್ಲಿ ತಾನಾಗಿ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡದ್ದು ಇದನ್ನೇ. ಹುಟ್ಟಿದ ಕರೆಂಟ್ ದಿಂಡನ್ನೂ ಕಾಂತವಾಗಿಸಿ ಸುತ್ತುವ ಶಕ್ತಿಯ ಬೆನ್ನು ಹತ್ತಿಸುತ್ತದೆ. ಇಟಲಿಯ ಫೆರಾರಿಸ್ 1885ರಲ್ಲಿ ಇಂಥ ಮೋಟರ್ ತಿರುಗಿಸಿ ತೋರಿಸಿದ. ಟೆಸ್ಲಾ 1888ರಲ್ಲಿ ಪೇಟೆಂಟ್ ಪಡೆದ. ನಾಲ್ಕು ಧ್ರುವದ ಮೋಟರಿನಲ್ಲಿ ನಮ್ಮ 50 ಹರ್ಟ್ಸ್ ಕರೆಂಟಿನಿಂದ ಆ ಶಕ್ತಿ ನಿಮಿಷಕ್ಕೆ 1,500 ಸುತ್ತು ಹಾಕುತ್ತದೆ, ದಿಂಡು 1,400ರ ಆಸುಪಾಸಿನಲ್ಲಿ ಹಿಂಬಾಲಿಸುತ್ತದೆ. ಅದು ಎಂದೂ ಪೂರ್ತಿ ಹಿಡಿಯುವುದಿಲ್ಲ, ಹಿಡಿಯಲೂಬಾರದು. ಹಿಡಿದರೆ ಕಂಬಿಗಳನ್ನು ದಾಟುವ ಶಕ್ತಿಯೇ ಇಲ್ಲವಾಗಿ ಕರೆಂಟ್ ಹುಟ್ಟುವುದು ನಿಲ್ಲುತ್ತದೆ.

ಕಂಡೆನ್ಸರ್ ಯಾಕೆ ಬೇಕು? ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ ನೆನಪಿಸಿಕೊಳ್ಳಿ. ಪೆಡಲ್ ಮೇಲೆ ಕೆಳಗೆ ಆಡುತ್ತದೆ ಅಷ್ಟೆ. ಚಕ್ರ ಯಾವ ಕಡೆ ತಿರುಗಬೇಕೆಂದು ಅದು ಹೇಳಲಾರದು. ಅದಕ್ಕೇ ಮೊದಲು ಕೈಯಿಂದ ಚಕ್ರವನ್ನು ಒಂದು ಸಲ ನಮ್ಮ ಕಡೆಗೆ ತಳ್ಳುತ್ತೇವೆ. ಮನೆಯ ಕರೆಂಟೂ ಹಾಗೆ ಮೇಲೆ ಕೆಳಗೆ ಆಡುವಂಥದು. ಒಂದೇ ಸುರುಳಿ ಇದ್ದರೆ ಮೋಟರ್ ಗುಂಯ್ ಎಂದು ನಡುಗುತ್ತದೆ, ತಿರುಗುವುದಿಲ್ಲ. ಆದ್ದರಿಂದ ಎರಡನೆಯ ಸುರುಳಿ ಇಟ್ಟು, ಕಂಡೆನ್ಸರ್ ಮೂಲಕ ಅದರ ಹೊತ್ತನ್ನು ಮೊದಲನೆಯದಕ್ಕಿಂತ ಹಿಂದುಮುಂದು ಮಾಡುತ್ತಾರೆ. ಒಂದಾದ ಮೇಲೆ ಒಂದು ಎಳೆದಾಗ ಶಕ್ತಿಗೆ ದಿಕ್ಕು ಸಿಗುತ್ತದೆ. ಕರೆಂಟಿನ ವೈರು ಕಂಡೆನ್ಸರಿನ ಒಂದು ತುದಿ ಬಿಟ್ಟು ಇನ್ನೊಂದಕ್ಕೆ ಹೋದರೆ ಸರದಿಯೂ ಅದಲು ಬದಲು. ನಾನು ಓಣಿಗೆ ಗಾಳಿ ಬಿಟ್ಟದ್ದು ಹೀಗೆ.

ಇಷ್ಟು ತಿಳಿದರೆ ಒಂದು ರಿಪೇರಿ ಕಲಿತಂತೆಯೇ. ಕೂಲರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಪ್ಲಗ್ ಕಿತ್ತು ಕೈಯಿಂದ ತಿರುಗಿಸಿದರೆ ರೆಕ್ಕೆ ಸರಾಗ. ಹಾಗಿದ್ದರೆ ಬಹುಪಾಲು ಕಂಡೆನ್ಸರಿನದೇ ದೋಷ. ಅದರ ಮೇಲೆ ಬರೆದ ಮೈಕ್ರೊಫ್ಯಾರಡ್, ವೋಲ್ಟ್ ಎರಡನ್ನೂ ನೋಡಿ ಅಷ್ಟರದ್ದನ್ನೇ ತನ್ನಿ. ಕೈಯಿಂದಲೂ ಬಿಗಿಯಾಗಿದ್ದರೆ ಬುಶ್ ಅಥವಾ ಬೇರಿಂಗ್ ಹಿಡಿದಿದೆ. ಬುಶ್ಶಿಗೆ ಎರಡು ಹನಿ ಮಷೀನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬಿಟ್ಟರೆ ನಾಲ್ಕು ದಿನಕ್ಕೆ ಅಂಟಾಗುತ್ತದೆ.

ಸುಟ್ಟ ಮೋಟರಿನ ತಂತಿಯನ್ನು ಬ್ಲೇಡಿನಿಂದ ಕೆರೆದೂ ನೋಡಿ. ಒಮ್ಮೆ ನನಗೆ ಒಬ್ಬರು ಪೂರ್ತಿ ತಾಮ್ರದ್ದು ಎಂದು ಆಣೆ ಮಾಡಿ ಮಾರಿದ ಮೋಟರ್ ಎರಡನೇ ಬೇಸಿಗೆಗೆ ಸುಟ್ಟಿತು. ಕೆರೆದಾಗ ಕೆಂಪು ಬಣ್ಣದ ಕೆಳಗೆ ಬೆಳ್ಳಗೆ ಅಲ್ಯೂಮಿನಿಯಂ ನಕ್ಕಿತು. ಅಲ್ಯೂಮಿನಿಯಂ ಸುರುಳಿ ಇರುವುದೇ ಅಪರಾಧವಲ್ಲ, ಅದನ್ನು ತಾಮ್ರದ ಬೆಲೆಗೆ ಮಾರುವುದು ಅಪರಾಧ. ಮೋಟರ್ ಸುತ್ತುವ ಅಂಗಡಿಯವರನ್ನು ಕೇಳಿದರೆ ಅವರು ತೂಕದ ಮೇಲೇ ಹೇಳಿಬಿಡುತ್ತಾರೆ. ತಾಮ್ರದ್ದು ಕೈಯಲ್ಲಿ ಬೇರೆಯೇ ಕೂರುತ್ತದೆ.

ಜೋಡಿಸುವಾಗ ಫೋಟೋಗಳನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತಾ ಬನ್ನಿ. ವೈರಿನ ಜಾಯಿಂಟುಗಳು ನೀರಿನ ಮಟ್ಟಕ್ಕಿಂತ ಮೇಲೆ, ತಗಡಿಗೆ ತಾಗದಂತೆ ಇರಲಿ. ರೆಕ್ಕೆಯ ಸ್ಕ್ರೂ ದಿಂಡಿನ ಚಪ್ಪಟೆ ಬದಿಯ ಮೇಲೇ ಬಿಗಿಯಬೇಕು, ಇಲ್ಲವಾದರೆ ಜಾರುತ್ತದೆ. ಪ್ಲಗ್ ಹಾಕುವ ಮೊದಲು ಕೈಯಿಂದ ಹತ್ತು ಸುತ್ತು ತಿರುಗಿಸಿ, ಎಲ್ಲೂ ಉಜ್ಜುವ ಸದ್ದು ಬರಬಾರದು. ಚಪ್ಪಲಿ ಹಾಕಿಕೊಂಡು ನಿಂತು ಸ್ವಿಚ್ ಹಾಕಿ. ಮೊದಲು ಪಂಪ್ ಮಾತ್ರ, ಹುಲ್ಲು ತೊಯ್ದ ಮೇಲೆ ಫ್ಯಾನ್. ತಗಡು ಮುಟ್ಟುವ ಮುನ್ನ ಟೆಸ್ಟರ್ ಹಚ್ಚಿ ನೋಡಿ, ಮಿನುಗಿದರೆ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ ಕರೆಯಿರಿ. ಮಿರಗ ಕೂಡಿ ಮಳೆ ಹಿಡಿದ ಮೇಲೆ ಒಳಗಿಡುವಾಗ ತೊಟ್ಟಿ ಪೂರ್ತಿ ಒಣಗಿಸಿ, ಪಂಪಿನ ಕಡ್ಡಿ ತೆಗೆದು ಒರೆಸಿ ಇಟ್ಟರೆ ಮುಂದಿನ ಶಿವರಾತ್ರಿಗೆ ಅರ್ಧ ಕೆಲಸ ಉಳಿಯುತ್ತದೆ.

ನಮ್ಮ ಕೂಲರ್ ಮಧ್ಯಾಹ್ನ 12ಕ್ಕೆ ಓಡಿತು. ಗಾಳಿ ಈ ಸಲ ಮನೆಯ ಕಡೆಗೇ ಬಂತು. ಪಂಪನ್ನು ಹುಡುಗನೇ ಜೋಡಿಸಿದ್ದ. ನೀರು ಹುಲ್ಲಿಗೆ ಇಳಿಯುವವರೆಗೂ ಅಲ್ಲಾಡದೆ ನಿಂತಿದ್ದ. ಹೋಗುವಾಗ ಹೆಪ್ಪಿನ ಒಂದು ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದ, ಅರ್ಧ ನಿಂಬೆಹಣ್ಣಿನ ಜೊತೆಗೆ. ಮರುದಿನ ಸಂಜೆ ಮತ್ತೆ ಗೋಡೆಯ ಮೇಲಿಂದ ತಲೆ ಕಂಡಿತು.

“ಕಾಕಾ, ನಿಮ್ಮ ಮಿಕ್ಸರ್ ಛಲೋ ಅದ ಏನ್ರಿ?”